ಗೂಬೆಗಳ ಬೆಲ್ಟು ಯಾರಿಗೆ ಹೋಯಿತು

ನನ್ನ ಗಂಡನಿಗೆ ಮೆಕ್ಸಿಕೋದ ಕುಸ್ತಿಯ ಹುಚ್ಚು. ಸಿಡ್ನಿಯ ಬ್ಲ್ಯಾಕ್‌ಟೌನಿನ ನಮ್ಮ ಕನ್ನಡದ ಮಂದಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಟೀವಿಯಲ್ಲಿ ಬರುವ ಅಮೆರಿಕದ ಕುಸ್ತಿ ಅಂದುಕೊಳ್ಳುತ್ತಾರೆ. ಇದು ಅದಲ್ಲ. ಇದು ಮುಖವಾಡ ಹಾಕಿಕೊಂಡು, ಹಗ್ಗದ ಮೇಲಿಂದ ಹಾರಿ, ಈ ಕಡೆ ಮೂವರು ಆ ಕಡೆ ಮೂವರು ನಿಂತು ಆಡುವ ಕುಸ್ತಿ. ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾದ ಮೇಲೆ ಅದರಲ್ಲಿ ನೋಡುವುದಾದರೂ ಏನು ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. ರಾಕ್ಷಸ ಸಾಯುತ್ತಾನೆ ಅಂತ ಗೊತ್ತಿದ್ದೂ ಜನ ಬಯಲಾಟಕ್ಕೆ ಬೆಳಗಿನ ತನಕ ಕೂರುವುದಿಲ್ಲವಾ ಅಂದರು. ಆ ಉತ್ತರ ಅವರಿಗೆ ಎಷ್ಟು ಇಷ್ಟವಾಯಿತೆಂದರೆ, ಮನೆಗೆ ಯಾರೇ ಬಂದರೂ ಅದನ್ನೇ ಹೇಳುತ್ತಾ ಬಂದಿದ್ದಾರೆ. ಕೇಳಿ ಕೇಳಿ ನನಗೆ ಬಯಲಾಟದ ಮೇಲೂ ಬೇಜಾರು ಬಂದಿದೆ.

ಹುಚ್ಚು ಇವರೊಬ್ಬರಿಗೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ನನ್ನ ತಮ್ಮನಿಗೂ ಅದೇ. ನಾವು ಸಿಡ್ನಿಗೆ ಬಂದ ಮೊದಲ ವರ್ಷಗಳಲ್ಲಿ ಬ್ಲ್ಯಾಕ್‌ಟೌನಿನ ಒಂದು ಚಿಕ್ಕ ಯೂನಿಟ್‌ನಲ್ಲಿ, ಅಂದರೆ ಫ್ಲ್ಯಾಟಿನಲ್ಲಿ, ಮೂವರೂ ಒಟ್ಟಿಗೆ ಇದ್ದೆವು. ಇವರು ಇಂಜಿನಿಯರು, ನಾರ್ತ್ ಸಿಡ್ನಿಗೆ ಕೆಲಸಕ್ಕೆ ಹೋಗುತ್ತಿದ್ದರು, ತಮ್ಮ ಮೈಸೂರಿನಿಂದ ಇಂಜಿನಿಯರಿಂಗ್ ಓದಲು ಬಂದಿದ್ದ, ನಾನು ಕೆಲಸ ಹುಡುಕುತ್ತಿದ್ದೆ. ಕೆಳಗಿನ ಯೂನಿಟ್‌ನಲ್ಲಿದ್ದ ಮೆಕ್ಸಿಕೋದವನೊಬ್ಬ ಮನೆ ಖಾಲಿ ಮಾಡುವಾಗ ಒಂದು ರಟ್ಟಿನ ಡಬ್ಬದ ತುಂಬ ಕುಸ್ತಿಯ ಡಿವಿಡಿಗಳನ್ನು ಇವರ ಕೈಗಿಟ್ಟು ಹೋದ. ನಮ್ಮ ಟೀವಿ ಯಾರೋ ರಸ್ತೆ ಬದಿಗೆ ಹಾಕಿದ್ದನ್ನು ಇವರಿಬ್ಬರೂ ಹೊತ್ತು ತಂದದ್ದು. ಚಳಿಗಾಲದ ಶನಿವಾರ, ಭಾನುವಾರ ಇಬ್ಬರೂ ಒಂದೇ ರಗ್ಗಿನೊಳಗೆ ಕಾಲಿಟ್ಟುಕೊಂಡು, ಚುರುಮುರಿಯ ಪಾತ್ರೆ ಮಧ್ಯೆ ಇಟ್ಟುಕೊಂಡು, ಒಂದಕ್ಷರ ಅರ್ಥವಾಗದ ಸ್ಪ್ಯಾನಿಷ್ ಕೇಳುತ್ತಾ ನೋಡುತ್ತಿದ್ದರು. ತಮ್ಮ ಚಪ್ಪಾಳೆ ಹೊಡೆದರೆ ಇವರು ಅವನ ಬೆನ್ನಿಗೆ ಗುದ್ದುತ್ತಿದ್ದರು. ಆಗ ನನಗೂ ಅದು ಚೆಂದವೇ ಅನ್ನಿಸುತ್ತಿತ್ತು. ಭಾವ, ಭಾವಮೈದುನ ಹೀಗೆ ಇರುವುದನ್ನು ನಮ್ಮ ಕಡೆ ನಾನು ನೋಡಿರಲಿಲ್ಲ.

ಆ ಡಬ್ಬದಲ್ಲಿದ್ದ ಬಹುಪಾಲು ಕುಸ್ತಿಗಳು ಮೆಕ್ಸಿಕೋದ ಯಾವುದೋ ಒಂದು ರಾಜ್ಯದ ಮೂವರ ತಂಡದ ಪ್ರಶಸ್ತಿಗೆ ಸೇರಿದವು. ದೊಡ್ಡ ಪ್ರಶಸ್ತಿಯಲ್ಲ. ಆ ರಾಜ್ಯ ದಾಟಿದರೆ ಅದನ್ನು ಕೇಳುವವರಿಲ್ಲ. ಗೆದ್ದ ಮೂವರಿಗೂ ಒಂದೊಂದು ಬೆಲ್ಟು, ಇನ್ನೊಂದು ತಂಡಕ್ಕೆ ಸೋತ ದಿನ ಅವನ್ನು ಬಿಚ್ಚಿ ಕೊಡಬೇಕು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಆ ಪ್ರಶಸ್ತಿಯ ಇತಿಹಾಸ ನನಗೂ ಬಾಯಿಪಾಠವಾಗಿದೆ. ಬೇಡವೆಂದರೂ ಆಗಿದೆ. ಮೊದಲು ಗೆದ್ದವರು ಅಣ್ಣತಮ್ಮಂದಿರು ಅಂತ ಹೇಳಿಕೊಂಡ ಮೂವರು. ಅವರು ಅಣ್ಣತಮ್ಮಂದಿರೇ ಅಲ್ಲವಂತೆ. ಅವರನ್ನು ಸೋಲಿಸಿದವರು ಕಪ್ಪು ಮುಖವಾಡದ ಮೂವರು, ಮೋಸ ಮಾಡಿ ಆಡುವವರು, ಜನರಿಂದ ಬೈಸಿಕೊಳ್ಳುವುದೇ ಅವರ ಕೆಲಸ. ಅವರಿಂದ ಬೆಲ್ಟು ಕಿತ್ತುಕೊಂಡವರು ಗೂಬೆಗಳು. ಕಂದು ಮುಖವಾಡ, ಕಣ್ಣಿನ ಸುತ್ತ ಹಳದಿ ಉಂಗುರ. ನಮ್ಮಲ್ಲಿ ಗೂಬೆ ಅಂದರೆ ಅಪಶಕುನ, ಅಲ್ಲಿಯ ಜನಕ್ಕೆ ಈ ಮೂವರು ಗೂಬೆಗಳೆಂದರೆ ಪ್ರಾಣ. ಅವರು ಬಹಳ ಕಾಲ ಬೆಲ್ಟು ಇಟ್ಟುಕೊಂಡಿದ್ದರು. ಆಮೇಲೆ ನೋಡಿದರೆ ಬೆಲ್ಟು ಬಿಳಿ ಕೋಟಿನವರ ಸೊಂಟದಲ್ಲಿದೆ. ಬಿಳಿ ಕೋಟಿನವರೆಂದರೆ ಡಾಕ್ಟರ ವೇಷ ಹಾಕಿ, ಸ್ಟೆತಸ್ಕೋಪಿನಿಂದ ಎದುರಾಳಿಯ ಕುತ್ತಿಗೆ ಬಿಗಿಯುತ್ತಿದ್ದ ಮೂವರು ದುಷ್ಟರು. ಗೂಬೆಗಳಿಂದ ಬಿಳಿ ಕೋಟಿನವರಿಗೆ ಬೆಲ್ಟು ಹೇಗೆ ಹೋಯಿತು ಅನ್ನುವುದಕ್ಕೆ ಡಿವಿಡಿ ಇಲ್ಲ, ಪೇಪರ್ ಸುದ್ದಿ ಇಲ್ಲ. ಆ ಒಂದು ಸಂಗತಿ ನನ್ನ ಸಂಸಾರದ ಮೇಲೆ ಬಂದು ಕೂತಿತು.

ನನ್ನ ಮಗಳು ಹುಟ್ಟುವ ಮುಂಚೆ ಇವರು ತಮ್ಮನಿಗೆ ಬೇರೆ ರೂಮು ನೋಡಿಕೊಳ್ಳಲು ಹೇಳಿದರು. ತಪ್ಪು ಮಾತೇನೂ ಆಡಲಿಲ್ಲ. ಮಗು ಬರುತ್ತೆ, ಜಾಗ ಸಾಲಲ್ಲ ಅಂದರು. ತಮ್ಮ "ಆಯ್ತು ಭಾವ" ಅಂದ. ಸ್ವಲ್ಪ ದಿನಕ್ಕೆ ಹೋದ, ಆಮೇಲೆ ಮೆಲ್ಬರ್ನ್‌ನಲ್ಲಿ ಕೆಲಸ ಹಿಡಿದ, ಇಲ್ಲೇ ನೆಲೆಸಲು ಪಿಆರ್ ಆಯಿತು, ಮದುವೆಯಾದ, ಮೆಲ್ಬರ್ನ್‌ನ ಅಂಚಿನ ಕ್ರೇಗಿಬರ್ನ್‌ನಲ್ಲಿ ಮನೆ ಕಟ್ಟಿಸಿದ. ಜಗಳ ಆಗಲೇ ಇಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಒಂದು ಸಲ ಬಾಯಿಗೆ ಬಂದಂತೆ ಬೈದುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬದಲಿಗೆ ಹಬ್ಬಕ್ಕೊಮ್ಮೆ ಫೋನಿನಲ್ಲಿ, ನಿಮ್ಮಲ್ಲಿ ಚಳಿ ಹೇಗಿದೆ, ನಮ್ಮಲ್ಲಿ ಹೀಗಿದೆ. ಕುಸ್ತಿ ಈಗಲೂ ನೋಡ್ತೀಯಾ ಅಂತ ಇವರು ಒಮ್ಮೆ ಕೇಳಿದರು. ಎಲ್ಲಿ ಭಾವ, ಮಕ್ಕಳಾದ ಮೇಲೆ ಟೈಮ್ ಎಲ್ಲಿ, ಬಿಟ್ಟೇಬಿಟ್ಟೆ ಅಂದ. ನಾನೂ ಅಷ್ಟೇ ಅಂದರು ಇವರು.

ಇಬ್ಬರೂ ಹೇಳಿದ್ದು ಹಸಿ ಸುಳ್ಳು. ಇವರು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರೆ ಏಳುತ್ತಿರಲಿಲ್ಲ. ಅಂತರ್ಜಾಲದಲ್ಲಿ ಯಾರು ಬೇಕಾದರೂ ತಿದ್ದಬಹುದಾದ ಒಂದು ಪುಟದಲ್ಲಿ ಆ ಪ್ರಶಸ್ತಿಯ ಇತಿಹಾಸ ಬರೆಯುತ್ತಿದ್ದರು. ತಮ್ಮ ಭಾನುವಾರ ನನಗೆ ಫೋನ್ ಮಾಡಿದಾಗ ತಾನೂ ಕುಸ್ತಿಯ ಬಗ್ಗೆ ಏನೇನೋ ಬರೆಯುತ್ತೇನೆ ಅನ್ನುತ್ತಿದ್ದ, ಭಾವನಿಗೆ ಹೇಳಬೇಡ, ನಗ್ತಾರೆ ಅನ್ನುತ್ತಿದ್ದ. ನಾನು ಎರಡನ್ನೂ ಕುಕ್ಕರಿನ ಸದ್ದಿನ ಹಾಗೆ ಕೇಳಿಸಿಕೊಳ್ಳುತ್ತಿದ್ದೆ. ಕಿವಿಯಲ್ಲಿ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ.

ಹೋದ ವರ್ಷ ಚಳಿಗಾಲ ಶುರುವಾಗುವ ಹೊತ್ತಿಗೆ ಇವರ ಪುಟಕ್ಕೆ ಒಬ್ಬ ಶತ್ರು ಹುಟ್ಟಿಕೊಂಡ. ಇವರು ಬರೆದದ್ದನ್ನು ಅವನು ಅಳಿಸುತ್ತಿದ್ದ, ಅವನು ಬರೆದದ್ದನ್ನು ಇವರು ಅಳಿಸುತ್ತಿದ್ದರು. ವಾದ ಇಷ್ಟೇ. ಒಂದು ಸಣ್ಣ ಊರಿನ ದನದ ಜಾತ್ರೆಯ ಮೈದಾನದಲ್ಲಿ ಕುಸ್ತಿ ನಡೆದು ಬಿಳಿ ಕೋಟಿನವರು ಗೂಬೆಗಳನ್ನು ಸೋಲಿಸಿ ಬೆಲ್ಟು ಗೆದ್ದರು ಅಂತ ಇವರು. ಅಂಥ ಕುಸ್ತಿಯೇ ನಡೆಯಲಿಲ್ಲ, ಕುಸ್ತಿ ನಡೆಸುವ ಯಜಮಾನನಿಗೂ ಗೂಬೆಗಳಿಗೂ ಮನಸ್ತಾಪವಾಗಿ ಅವನೇ ಬೆಲ್ಟು ವಾಪಸ್ಸು ತೆಗೆದುಕೊಂಡು ಬಿಳಿ ಕೋಟಿನವರಿಗೆ ಕೊಟ್ಟ ಅಂತ ಅವನು. ಆ ಶತ್ರುವಿಗೆ ಸ್ಪ್ಯಾನಿಷ್ ಹೆಸರಿತ್ತು. ಇವರೂ ಒಂದು ಸ್ಪ್ಯಾನಿಷ್ ಹೆಸರು ಇಟ್ಟುಕೊಂಡೇ ಬರೆಯುತ್ತಿದ್ದರು. "ಆ ಮೆಕ್ಸಿಕೋದವನು" ಅಂತಲೇ ಇವರು ಕರೆಯುತ್ತಿದ್ದದ್ದು. ಸಾರನ್ನ ಕಲಸುತ್ತಾ, ತನ್ನ ದೇಶದ ವಿಷಯವೇ ತನಗೆ ಗೊತ್ತಿಲ್ಲವಲ್ಲ ಆ ಮೆಕ್ಸಿಕೋದವನಿಗೆ ಅನ್ನುತ್ತಿದ್ದರು. ಟ್ರೈನಿನಲ್ಲಿ ಸೆಂಟ್ರಲ್ ಸ್ಟೇಷನ್ ದಾಟುವಾಗಲೂ ಅದೇ. ನನ್ನ ಆಫೀಸು ಕೂಡ ನಾರ್ತ್ ಸಿಡ್ನಿಯಲ್ಲೇ, ಹಾಗಾಗಿ ಟ್ರೈನಿನಲ್ಲೂ ನನಗೆ ಬಿಡುಗಡೆ ಇರಲಿಲ್ಲ. ಮಗಳಿಗೆ ಈಗ ಹದಿಹರೆಯ, ಅಪ್ಪನ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಜಸ್ಟ್ ಬ್ಲಾಕ್ ಹಿಮ್ ಡ್ಯಾಡ್ ಅಂದಳು. ಇತಿಹಾಸವನ್ನು ಬ್ಲಾಕ್ ಮಾಡಕ್ಕಾಗಲ್ಲಮ್ಮ ಅಂದರು ಇವರು, ಬಹಳ ಗಂಭೀರವಾಗಿ.

ಒಂದು ಶುಕ್ರವಾರ ಊಟಕ್ಕೆ ಕೂತಾಗ ಇವರ ಮುಖ ಕೆಂಪಗಾಗಿತ್ತು. ಎಲ್ಲೆಲ್ಲೋ ಹುಡುಕಿ ಆ ಜಾತ್ರೆಯ ಕುಸ್ತಿಯ ಹ್ಯಾಂಡ್‌ಬಿಲ್ಲಿನ ಚಿತ್ರವನ್ನು ಇವರು ಪುಟಕ್ಕೆ ಹಾಕಿದ್ದರು. ಅದಕ್ಕೆ ಆ ಮೆಕ್ಸಿಕೋದವನು, ಲಗ್ನಪತ್ರಿಕೆ ಅಚ್ಚಾದ ಮಾತ್ರಕ್ಕೆ ಮದುವೆ ಆಯಿತು ಅಂತ ಅರ್ಥವಲ್ಲ ಅಂತ ಬರೆದಿದ್ದನಂತೆ. ಎಂಥ ಉದ್ಧಟತನ ನೋಡು ಅಂತ ಇವರು ಆ ಸಾಲನ್ನು ನನಗೆ ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿ, ಮತ್ತೆ ಇಂಗ್ಲಿಷಿನಲ್ಲಿ ಓದಿದರು.

ಆ ಭಾನುವಾರ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ, ಫೋನನ್ನು ಕಾಫಿಪುಡಿ ಡಬ್ಬಿಗೆ ಒರಗಿಸಿಟ್ಟಿದ್ದೆ. ತಮ್ಮ ಬಹಳ ಖುಷಿಯಲ್ಲಿದ್ದ. ಒಬ್ಬ ಪೆದ್ದನಿಗೆ ಸರಿಯಾಗಿ ಕೊಟ್ಟೆ ಕಣಕ್ಕ ಅಂದ. ಅವನು ಯಾವುದೋ ಹ್ಯಾಂಡ್‌ಬಿಲ್ ತೋರಿಸಿ ಇದೇ ಪ್ರೂಫ್ ಅಂತಾನೆ, ಲಗ್ನಪತ್ರಿಕೆ ಅಚ್ಚಾದ ಮಾತ್ರಕ್ಕೆ ಮದುವೆ ಆಯ್ತಾ ಅಂತ ಕೇಳಿದೆ, ಬಾಯಿ ಬಿಡಲಿಲ್ಲ. ಈ ಮೆಕ್ಸಿಕೋದವರಿಗೆ ಹಟ ಜಾಸ್ತಿ.

ದೋಸೆ ಸೀದಿತು. ಇವರು ಪಕ್ಕದ ಕೋಣೆಯಲ್ಲಿ ಅದೇ ಹ್ಯಾಂಡ್‌ಬಿಲ್ಲಿನ ಮೇಲೆ ಉತ್ತರ ಬರೆಯುತ್ತಿದ್ದರು, ಕೀಗಳ ಸದ್ದು ನನಗೆ ಕೇಳುತ್ತಿತ್ತು. ಆ ಮೆಕ್ಸಿಕೋದವನು ಅಲ್ಲಿ ಅಪರಾತ್ರಿಯಾಗಿರುವ ನಮ್ಮ ಊಟದ ಹೊತ್ತಿಗೇ ಯಾಕೆ ಎಚ್ಚರವಾಗಿರುತ್ತಾನೆ, ಲಗ್ನಪತ್ರಿಕೆಯ ಮಾತು ಯಾಕೆ ಆಡುತ್ತಾನೆ ಅಂತ ಇಬ್ಬರು ಇಂಜಿನಿಯರುಗಳಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಇಷ್ಟು ವರ್ಷ ಹಬ್ಬಕ್ಕೊಮ್ಮೆ ಚಳಿಯ ಬಗ್ಗೆ ಮಾತಾಡಿಕೊಂಡವರು ತಿಂಗಳುಗಟ್ಟಲೆ ದಿನವೂ ಮಾತಾಡುತ್ತಿದ್ದರು, ಒಬ್ಬರನ್ನೊಬ್ಬರು ಮೆಕ್ಸಿಕೋದವರು ಅಂದುಕೊಂಡು.

ಫೋನಿನಲ್ಲಿ ಹೇಳುವ ವಿಷಯವಲ್ಲ ಅಂತ ಸುಮ್ಮನಾದೆ. ತಮ್ಮನ ಮಗಳ ಹುಟ್ಟುಹಬ್ಬಕ್ಕೆ ಕ್ರೇಗಿಬರ್ನ್‌ಗೆ ಹೋಗುವುದು ಮೊದಲೇ ಗೊತ್ತಾಗಿತ್ತು. ಕಾರಿನಲ್ಲಿ ಹೊರಟೆವು. ಡ್ರೈವ್ ಮಾಡಿದ್ದು ನಾನು. ಹ್ಯೂಮ್ ಹೈವೇ ಉದ್ದಕ್ಕೂ ಇವರು ಆ ಮೆಕ್ಸಿಕೋದವನ ಬುದ್ಧಿಮಟ್ಟವನ್ನು ಅಳೆಯುತ್ತಾ ಕೂತಿದ್ದರು. ಗಂಡಗೈ ಅನ್ನುವ ಊರಿನ ಹತ್ತಿರ ಚಿತ್ರಾನ್ನದ ಡಬ್ಬಿ ತೆಗೆದಾಗ, ಅವನು ಒಮ್ಮೆ ಕೈಗೆ ಸಿಕ್ಕರೆ ಏನು ಕೇಳ್ತೀರಿ ಅಂದೆ. ಅವನಿಗೆ ತಾಯಿ ತಂದೆ ಬುದ್ಧಿ ಕಲಿಸಿಲ್ಲವಾ ಅಂತ ಕೇಳ್ತೀನಿ ಅಂದರು. ಅವನ ತಾಯಿ ತಂದೆ ನನ್ನ ತಾಯಿ ತಂದೆಯೂ ಹೌದು.

ಹುಟ್ಟುಹಬ್ಬ ಮುಗಿದ ಮರುದಿನ ಬೆಳಿಗ್ಗೆ, ತಮ್ಮನ ಹೆಂಡತಿ ಉಪ್ಪಿಟ್ಟು ಬಡಿಸುತ್ತಿರುವಾಗ ನಾನು ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಇವರಿಗೆ, ನಿಮ್ಮ ಮೆಕ್ಸಿಕೋದವನು ಇಲ್ಲೇ ಕೂತಿದ್ದಾನೆ ಅಂದೆ. ತಮ್ಮನಿಗೆ, ನಿನ್ನ ಪೆದ್ದ ನಿನ್ನ ಭಾವನೇ ಅಂದೆ. ಇಬ್ಬರೂ ನಕ್ಕುಬಿಡುತ್ತಾರೆ, ತಮ್ಮನ ಬೆನ್ನಿಗೆ ಇವರು ಹಿಂದಿನ ಹಾಗೆ ಗುದ್ದುತ್ತಾರೆ ಅಂತ ನಾನು ಅಂದುಕೊಂಡಿದ್ದೆ.

ಮೊದಲು ಮಾತಾಡಿದವನು ತಮ್ಮ. "ನನ್ನನ್ನ ಅರೆಬೆಂದ ವಿದ್ವಾಂಸ ಅಂದಿದ್ದು ನೀವಾ ಭಾವ?"

"ಲಗ್ನಪತ್ರಿಕೆ ಅಂತ ಬರೆದವನು ನೀನಾ?"

"ಬರೆದದ್ದು ಸರಿಯಾಗೇ ಇದೆ."

"ಬಿಟ್ಟುಬಿಟ್ಟೆ ಅಂದಿದ್ದೆ ನನ್ನ ಹತ್ತಿರ."

"ನೀವೂ ಅಂದಿದ್ರಿ."

ಅಷ್ಟೇ. ಇವರು ತಟ್ಟೆ ಸಿಂಕಿಗೆ ಇಟ್ಟು ಹೊರಗೆ ಹೋಗಿ ಹುಲ್ಲಿನ ಮೇಲೆ ನಿಂತರು. ತಮ್ಮ ಗ್ಯಾರೇಜಿಗೆ ಹೋಗಿ ಏನನ್ನೋ ಜೋಡಿಸುವವನ ಹಾಗೆ ಸದ್ದು ಮಾಡತೊಡಗಿದ. ತಮ್ಮನ ಹೆಂಡತಿ ಸೌಟು ಹಿಡಿದು ನಿಂತೇ ಇದ್ದಳು. ಅತ್ತಿಗೆ, ಇದು ನಿಜವಾಗಲೂ ಕುಸ್ತಿ ವಿಷಯನಾ ಅಂತ ಮೆಲ್ಲಗೆ ಕೇಳಿದಳು. ನನಗೂ ಅದೇ ಅನುಮಾನ ಇತ್ತು. ಇನ್ನೂ ಒಂದು ದಿನ ಇರಬೇಕಾಗಿದ್ದವರು ಅವತ್ತೇ ಹೊರಟೆವು. ವಾಪಸ್ಸು ಬರುವಾಗ ಇವರು ಮಾತಾಡಲೇ ಇಲ್ಲ. ಆ ಮೆಕ್ಸಿಕೋದವನ ಬಗ್ಗೆ ಕೇಳುವುದೇ ವಾಸಿಯಾಗಿತ್ತು ಅನ್ನಿಸಿತು.

ಆಮೇಲಿನ ತಿಂಗಳುಗಳು ಇನ್ನೂ ಕೆಟ್ಟವು. ಪುಟದ ಮೇಲೆ ಇಬ್ಬರೂ ಕೈ ಹಾಕಲಿಲ್ಲ. ಇವರು ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕೂತು ಕ್ರಿಕೆಟ್ ನೋಡುತ್ತಿದ್ದರು, ಇವರಿಗೆ ಕ್ರಿಕೆಟ್ ಕಂಡರೆ ಆಗದು. ದೀಪಾವಳಿಗೆ ತಮ್ಮ ನನಗೆ ಫೋನ್ ಮಾಡಿದ, ಭಾವನಿಗೆ ಹೇಳಿಬಿಡು ಅಂದ. ಇವರೂ, ಅವನಿಗೂ ಹೇಳಿಬಿಡು ಅಂದರು. ನಾನು ಇಬ್ಬರ ನಡುವೆ ಶುಭಾಶಯ ಸಾಗಿಸುವ ಕೆಲಸಕ್ಕೆ ಬಿದ್ದೆ. ಒಂದು ದಿನ ರೇಗಿಹೋಗಿ, ಗೂಬೆಗಳ ಬೆಲ್ಟು ಯಾರಿಗೆ ಹೋದರೆ ನಿಮಗೇನು, ನೀವು ಅವನಿಗೆ ರೂಮು ಬಿಡು ಅಂದಿದ್ದು ಅವನಿಗೆ ನೋವಾಗಿದೆ ಅಂತ ಇವರಿಗೆ ಹೇಳಿದೆ. ಅದು ಬೇರೆ ವಿಷಯ ಅಂದರು. ತಮ್ಮನಿಗೂ ಹೇಳಿದೆ. ಅದು ಬೇರೆ ವಿಷಯ ಕಣಕ್ಕ ಅಂದ. ಕೊನೆಗೂ ಒಂದು ಮಾತಿಗೆ ಇಬ್ಬರೂ ಒಪ್ಪಿದರು.

ಬೇಸಿಗೆ ಕಳೆದ ಮೇಲೆ ತಮ್ಮ ಒಂದು ಮೆಸೇಜ್ ಕಳಿಸಿದ. ಕ್ರೇಗಿಬರ್ನ್‌ನಿಂದ ಸ್ವಲ್ಪವೇ ದೂರದಲ್ಲಿ, ಕ್ಯಾಂಪ್‌ಬೆಲ್‌ಫೀಲ್ಡಿನ ಒಂದು ಶೆಡ್ಡಿನಲ್ಲಿ ಹುಡುಗ ಹುಡುಗಿಯರಿಗೆ ಕುಸ್ತಿ ಕಲಿಸುವ ಜಾಗವಿದೆಯಂತೆ. ಮೂವರು ಗೂಬೆಗಳಲ್ಲಿ ಒಬ್ಬ, ಈಗ ಮುದುಕ, ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದಾನಂತೆ, ಒಂದು ಶನಿವಾರ ಮಧ್ಯಾಹ್ನ ಅಲ್ಲಿ ಪಾಠ ಹೇಳುತ್ತಾನಂತೆ. ನಮ್ಮ ಅಪ್ಪ ಅಮ್ಮಂದಿರು ವಿಸಿಟರ್ ವೀಸಾದಲ್ಲಿ ಬಂದು ಮೊಮ್ಮಕ್ಕಳ ಸ್ಟ್ರಾಲರ್ ತಳ್ಳುವ ಹಾಗೆ ಗೂಬೆಯೂ ಬಂದಿತ್ತು. ಮೆಸೇಜಿನ ಕೊನೆಗೆ, ಭಾವನಿಗೆ ಹೇಳಬೇಕಿಲ್ಲ, ಸುಮ್ಮನೆ ನಿನಗೆ ತಿಳಿಸಿದೆ ಅಂತ ಇತ್ತು. ಅಂದರೆ ಏನರ್ಥ ಅಂತ ನನಗೆ ಗೊತ್ತಿಲ್ಲವಾ. ಯಾರನ್ನೂ ಕೇಳದೆ ಫ್ಲೈಟ್ ಬುಕ್ ಮಾಡಿದೆ. ಇವರು ಒಂದಿಷ್ಟು ಗೊಣಗಿದರು, ಆಫೀಸು ಅಂದರು, ಮೊಣಕಾಲು ನೋವು ಅಂದರು. ಹೊರಡುವ ದಿನ ಎಲ್ಲರಿಗಿಂತ ಮೊದಲು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದವರು ಇವರೇ.

ಶೆಡ್ಡು ಟೈರ್ ಅಂಗಡಿಯ ಪಕ್ಕದಲ್ಲಿತ್ತು. ತಗಡಿನ ಸೂರು, ಮಧ್ಯೆ ಕುಸ್ತಿಯ ಕಟ್ಟೆ, ಸುತ್ತ ಪ್ಲಾಸ್ಟಿಕ್ ಕುರ್ಚಿಗಳು. ಗಿಡ್ಡನೆಯ, ಹೊಟ್ಟೆ ಬಂದ ಮನುಷ್ಯ, ಬೂದು ಬಣ್ಣದ ಟ್ರ್ಯಾಕ್‌ಸೂಟು, ತಲೆಗೆ ಕಂದು ಮುಖವಾಡ, ಕಣ್ಣಿನ ಸುತ್ತ ಹಳದಿ ಉಂಗುರ. ಪಣಕ್ಕಿಟ್ಟ ಮುಖವಾಡವನ್ನು ಸೋಲದ ಕುಸ್ತಿಪಟು ಸಾಯುವವರೆಗೂ ಜನರ ಮುಂದೆ ಮುಖ ತೋರಿಸುವುದಿಲ್ಲವಂತೆ, ಇವರು ನನ್ನ ಕಿವಿಯಲ್ಲಿ ಹೇಳಿದರು. ಆ ಮುದುಕ ಬೀಳುವುದನ್ನು ಕಲಿಸುತ್ತಿದ್ದ. ಒಂದು ಕಾಲು ಮಡಚುತ್ತಿರಲಿಲ್ಲ, ಆದರೂ ಬೆನ್ನ ಮೇಲೆ ಬಿದ್ದಾಗ ಕಟ್ಟೆಯೆಲ್ಲ ಸದ್ದಾಯಿತು, ಅವನಿಗೆ ಏನೂ ಆಗಲಿಲ್ಲ. ಮಕ್ಕಳ ಹಾಗೆ ನನ್ನ ಗಂಡ ಎದ್ದು ನಿಂತುಬಿಟ್ಟರು. ಆ ಕಡೆ ಸಾಲಿನಲ್ಲಿ ತಮ್ಮನೂ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆ ಆಡಿಸಿದರು.

ಪಾಠ ಮುಗಿದ ಮೇಲೆ ಅವನು ಕುರ್ಚಿಯಲ್ಲಿ ಕೂತ. ಮುಖವಾಡದ ಬಾಯಿಯ ತೂತಿನಿಂದ ಸ್ಟ್ರಾ ಹಾಕಿ ಚಹಾ ಕುಡಿದ. ಪಕ್ಕದಲ್ಲಿ ಮಗಳು, ನನ್ನ ವಯಸ್ಸಿನವಳು, ಸ್ಪ್ಯಾನಿಷನ್ನು ಇಂಗ್ಲಿಷ್ ಮಾಡಿ ಹೇಳಲು ನಿಂತಿದ್ದಳು. ಫೋಟೋ ತೆಗೆಸಿಕೊಳ್ಳುವವರೆಲ್ಲ ಹೋಗುವವರೆಗೆ ನಾವು ಕಾದೆವು. ಇವರೇ ಕೇಳಿದರು. ಆ ದನದ ಜಾತ್ರೆಯ ಊರಿನಲ್ಲಿ ಬಿಳಿ ಕೋಟಿನವರ ಜೊತೆ ಕುಸ್ತಿ ನಡೆಯಿತಾ?

ಮುದುಕ ಬಹಳ ಹೊತ್ತು ಯೋಚನೆ ಮಾಡಲಿಲ್ಲ. ನಡೆಯಿತು ಅಂದ. ಇವರು ತಮ್ಮನ ಕಡೆ ತಿರುಗಿದರು, ಅಷ್ಟರಲ್ಲಿ ಮುದುಕ ಮುಂದುವರಿಸಿದ. ಮೂರನೆಯ ಗೂಬೆ ಆ ದಿನ ಅಲ್ಲಿರಲಿಲ್ಲ. ಕಟ್ಟೆಗೆ ಬರುವಾಗ ಮುಂದೆ ಯಾರು ನಡೆಯಬೇಕು ಅಂತ ಅವನಿಗೂ ಈ ಮುದುಕನಿಗೂ ಜಗಳವಾಗಿತ್ತು. ಆ ವರ್ಷವೆಲ್ಲ ಒಂದೇ ಕಾರಿನಲ್ಲಿ ಊರೂರು ತಿರುಗಿದ್ದಾರೆ, ಮಾತಿಲ್ಲ. ಕೊನೆಗೆ ಅವನು ಬರಲೇ ಇಲ್ಲ. ಯಜಮಾನ ಬೇರೆ ಯಾರಿಗೋ ಅವನ ಮುಖವಾಡ ತೊಡಿಸಿ ಕಳಿಸಿದ. ಆ ಹೊಸಬ ದಪ್ಪ ಆಸಾಮಿ. ನಿಜವಾದ ಮೂರನೆಯವನು ಮೂಲೆಯ ಕಂಬ ಹತ್ತಿ ಗೂಬೆಯ ಹಾಗೆ ಕೂಗುತ್ತಿದ್ದ, ಇವನಿಗೆ ಹತ್ತಲೇ ಬರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಎದ್ದು, ಇವನು ನಮ್ಮ ಗೂಬೆಯಲ್ಲ ಅಂತ ಕೂಗಿದಳು. ಅಲ್ಲಿಂದ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯತೊಡಗಿದರು. ಮೂರು ಸುತ್ತಿನ ಕುಸ್ತಿ, ಎರಡೂ ತಂಡದವರು ಒಂದೊಂದು ಗೆದ್ದಿದ್ದರು, ಮೂರನೆಯದು ನಡೆಯಲಿಲ್ಲ.

"ಹಾಗಾದರೆ ಬೆಲ್ಟು?" ತಮ್ಮ ಕೇಳಿದ.

ಮುದುಕನ ಮಗಳು ಕೇಳಿ ಹೇಳಿದಳು. "ಆಮೇಲೆ ಯಜಮಾನ ಕರೆಸಿ ವಾಪಸ್ಸು ಕೊಡಿ ಅಂದನಂತೆ. ಅಪ್ಪನೇ ಅಂಗಡಿ ಚೀಲದಲ್ಲಿ ಹಾಕಿಕೊಂಡು ಹೋಗಿ ಕೊಟ್ಟು ಬಂದರಂತೆ."

ಇನ್ನಾದರೂ ಮುಗಿಯಿತು ಅಂತ ನಾನು ಬ್ಯಾಗು ಎತ್ತಿಕೊಂಡೆ. ಆಗ ಇವರು, ಕುಸ್ತಿ ನಡೆದದ್ದಂತೂ ನಿಜವಾಯಿತು ಅಂದರು. ಮುಗಿಯದ ಕುಸ್ತಿ ನಡೆದ ಲೆಕ್ಕಕ್ಕೆ ಬರಲ್ಲ ಭಾವ ಅಂದ ತಮ್ಮ. ಕಟ್ಟೆ ಹತ್ತಿದ ಮೇಲೆ ನಡೆದ ಹಾಗೇ ಅಂದರು ಇವರು. ಮಂಟಪ ಹತ್ತಿ ತಾಳಿ ಕಟ್ಟದೆ ಇಳಿದರೆ ಅದನ್ನ ಮದುವೆ ಅಂತೀರಾ ಅಂದ ತಮ್ಮ. ಆ ಮುದುಕನ ಮುಂದೆಯೇ, ಕನ್ನಡದಲ್ಲಿ, ಕೈ ಆಡಿಸಿಕೊಂಡು ಶುರುಮಾಡಿಬಿಟ್ಟರು. ನಾನು ನಾಚಿಕೆಯಿಂದ ಸತ್ತೆ. ಇಷ್ಟು ದೂರ ಬಂದು, ಸಾಕ್ಷಾತ್ ಗೂಬೆಯ ಬಾಯಿಂದಲೇ ಕೇಳಿ, ಮತ್ತೆ ಅದೇ ಮದುವೆ, ಅದೇ ಲಗ್ನಪತ್ರಿಕೆ.

ಮುದುಕ ಮಗಳ ಹತ್ತಿರ ಏನೋ ಕೇಳಿದ. ಇವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಅಂತ ಕೇಳುತ್ತಿದ್ದಾರೆ ಅಂದಳು ಅವಳು. ಒಬ್ಬರು ನನ್ನ ಗಂಡ, ಇನ್ನೊಬ್ಬ ನನ್ನ ತಮ್ಮ ಅಂದೆ. ಮುಖವಾಡದೊಳಗೆ ಅವನು ನಕ್ಕ, ಹೊಟ್ಟೆ ಕುಲುಕಿತು. ನಾನು ಸುಮ್ಮನಿರಲಾರದೆ, ಆ ಮೂರನೆಯವರ ಜೊತೆ ಆಮೇಲೆ ರಾಜಿ ಆಯಿತಾ ಅಂತ ಕೇಳಿದೆ. ಅಷ್ಟು ವಯಸ್ಸಾದವನು ಏನಾದರೂ ಒಳ್ಳೆಯ ಮಾತು ಹೇಳಿದರೆ ಇವರಿಬ್ಬರ ಕಿವಿಗೂ ಬೀಳಲಿ ಅಂತ ನನ್ನ ಆಸೆ.

ಮಗಳು ಅಪ್ಪನ ಉತ್ತರ ಕೇಳಿ ಬೇಸರದಿಂದ ಕಣ್ಣು ತಿರುಗಿಸಿದಳು. "ಇಲ್ಲವಂತೆ. ಅವನು ತೀರಿಕೊಂಡನಂತೆ. ಆದರೂ ಮುಂದೆ ನಡೆಯಬೇಕಾಗಿದ್ದವನು ತಾನೇ ಅಂತಾರೆ. ತಾನೇ ಹಿರಿಯನಂತೆ."

ಹಾಗಂದವಳು ನನ್ನನ್ನು ಸ್ವಲ್ಪ ಆಚೆಗೆ ಕರೆದುಕೊಂಡು ಹೋದಳು. ಇಬ್ಬರೂ ಬಾಗಿಲ ಹತ್ತಿರ ನಿಂತೆವು. ಚಿಕ್ಕವಳಿದ್ದಾಗ ಅಪ್ಪ ಏನು ಕೆಲಸ ಮಾಡುತ್ತಾರೆ ಅಂತ ಯಾರು ಕೇಳಿದರೂ ಲಾರಿ ಓಡಿಸುತ್ತಾರೆ ಅಂತ ಹೇಳಬೇಕಿತ್ತಂತೆ. ಅಮ್ಮ ಮುಖವಾಡಗಳನ್ನು ಒಗೆದು ಅಂಗಳದಲ್ಲಿ ಒಣಗಿಸುವ ಹಾಗಿರಲಿಲ್ಲ, ಅಕ್ಕಪಕ್ಕದವರಿಗೆ ಗೊತ್ತಾಗಿಬಿಡುತ್ತಲ್ಲ. ಬಚ್ಚಲಿನಲ್ಲಿ ಹಗ್ಗ ಕಟ್ಟಿ, ತನ್ನ ಲಂಗದ ಕೆಳಗೆ ಮರೆಮಾಡಿ ಒಣಹಾಕುತ್ತಿದ್ದಳಂತೆ. ಮಳೆಗಾಲದಲ್ಲಿ ಅವು ಒಣಗದೆ ನಾತ ಬರುತ್ತಿತ್ತಂತೆ. ಅಪ್ಪ ಯಾವತ್ತಾದರೂ ಅಮ್ಮನಿಗೆ ಒಂದು ಮೆಚ್ಚುಗೆಯ ಮಾತು ಹೇಳಿದ್ದರಾ ಅಂತ ಕೇಳಿದೆ. ನೆನಪಿಲ್ಲ ಅಂದಳು. ಅಮ್ಮ ಒಂದೇ ಒಂದು ಸಲ ಕುಸ್ತಿ ನೋಡಲು ಬಂದಿದ್ದಳು, ಅರ್ಧಕ್ಕೇ ಎದ್ದು ಹೋದಳು, ಒಲೆಯ ಮೇಲೆ ಕಾಳು ಬೇಯಲು ಇಟ್ಟು ಬಂದಿದ್ದೇನೆ ಅಂತ. ನಾವಿಬ್ಬರೂ ಜೋರಾಗಿ ನಕ್ಕೆವು. ಆ ಎಲ್ಲ ವರ್ಷಗಳಲ್ಲಿ ಆ ಪ್ರಶಸ್ತಿಯ ವಿಷಯಕ್ಕೆ ನಾನು ಮನಸಾರೆ ನಕ್ಕಿದ್ದು ಅದೊಂದೇ ಸಲ.

ತಿರುಗಿ ನೋಡಿದರೆ ಮುದುಕ ಎದ್ದು ನಿಂತಿದ್ದ. ವಾದದಿಂದ ಬೇಸತ್ತಿರಬೇಕು. ಇವರನ್ನೂ ತಮ್ಮನನ್ನೂ ಕೈಹಿಡಿದು ಕಟ್ಟೆಯ ಮೇಲೆ ಹತ್ತಿಸಿ, ಬೀಳುವುದು ಹೇಗೆ ಅಂತ ತೋರಿಸುತ್ತಿದ್ದ. ಮೊದಲು ತಮ್ಮ ಬಿದ್ದ. ಗದ್ದ ಎದೆಗೆ ಒತ್ತಬೇಕು, ಕೈ ಅಗಲಿಸಿ ಹೊಡೆಯಬೇಕು ಅಂತ ಸನ್ನೆ. ಆಮೇಲೆ ಇವರು ಬಿದ್ದರು, ಮೊಣಕಾಲು ನೋವಿನವರು. ಬಿದ್ದವರು ಏಳಲಿಲ್ಲ. ತಮ್ಮ ಬಗ್ಗಿ, ಭಾವ, ಸೊಂಟ ಹಿಡಿಯಿತಾ ಅಂದ. ಇವರು ಮಲಗಿದಲ್ಲೇ ಸೂರು ನೋಡುತ್ತಾ, "ಆವತ್ತು ರೂಮು ಬಿಡು ಅಂದಾಗ ನಿನಗೆ ಬೇಜಾರಾಯ್ತೇನೋ?" ಅಂದರು.

ತಮ್ಮ ಕೈ ಕೊಟ್ಟ. "ಆಯ್ತು ಭಾವ. ಈಗ ಏಳಿ."

ಆಯ್ತು ಅಂದರೆ ಬೇಜಾರಾಯ್ತು ಅಂತಲೋ, ಮುಗೀತು ಅಂತಲೋ ನನಗೆ ತಿಳಿಯಲಿಲ್ಲ. ಇವರೂ ಕೇಳಲಿಲ್ಲ. ಕೈ ಹಿಡಿದು ಎದ್ದರು.

ಆ ಸಂಜೆ ಕ್ರೇಗಿಬರ್ನ್‌ನಲ್ಲಿ ಇಬ್ಬರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು, ಮುದುಕ ಹೇಳಿದ್ದನ್ನು ಪುಟಕ್ಕೆ ಬರೆದರು. ಒಂದು ವಾಕ್ಯಕ್ಕೆ ಊಟ ತಣ್ಣಗಾಯಿತು. ವಾರ ಕಳೆಯುವುದರೊಳಗೆ ಆ ಪುಟಗಳನ್ನು ನೋಡಿಕೊಳ್ಳುವವನು ಯಾರೋ ಅದನ್ನು ಅಳಿಸಿಹಾಕಿದ. ಶೆಡ್ಡಿನಲ್ಲಿ ಕೇಳಿದ ಮಾತು ಆಧಾರವಾಗುವುದಿಲ್ಲ, ಎಲ್ಲಾದರೂ ಅಚ್ಚಾಗಿದ್ದರೆ ತೋರಿಸಿ ಅಂದನಂತೆ. ಕುಸ್ತಿ ಆಡಿದವನೇ ಹೇಳಿದ್ದಾನೆ ಅಂದರೂ ಕೇಳಲಿಲ್ಲವಂತೆ. ಈಗ ಪುಟದಲ್ಲಿ ಆ ಜಾಗಕ್ಕೆ ಮಾಹಿತಿ ಲಭ್ಯವಿಲ್ಲ ಅಂತಿದೆ. ಇಬ್ಬರಿಗೂ ಸೇರಿ ಒಬ್ಬ ಶತ್ರು ಸಿಕ್ಕಿದ್ದಾನೆ. ಅವನು ಯಾವ ದೇಶದವನೋ ಗೊತ್ತಿಲ್ಲ. ಈ ಸಲ ನಾನು ವಿಚಾರಿಸಲೂ ಹೋಗಿಲ್ಲ, ನಮ್ಮ ದೊಡ್ಡಪ್ಪನ ಮಗನಾಗಿದ್ದರೂ ಆಗಿರಲಿ.

ದಿನವೂ ಸಂಜೆ ಫೋನು. ನಾನು ಸೊಪ್ಪು ಬಿಡಿಸುತ್ತಿರುತ್ತೇನೆ, ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟು ಇವರು ಆ ಕಡೆಯಿಂದ ತಮ್ಮ ಓದುವುದನ್ನು ತಿದ್ದುತ್ತಿರುತ್ತಾರೆ. ಹೊರಗೆ ಹೋಗಿ ಮಾತಾಡಿ ಅಂದರೆ ಚಳಿ ಅನ್ನುತ್ತಾರೆ. ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಫೋನು ಬಡಿದುಕೊಂಡಿತು, ತಮ್ಮನ ಹೆಸರು ನೋಡಿ ದೋಸೆ ಕಾವಲಿ ಒಲೆಯಿಂದ ಇಳಿಸಿಯೇ ಎತ್ತಿಕೊಂಡೆ. ಅಕ್ಕ, ಭಾವ ಫೋನ್ ಎತ್ತುತ್ತಿಲ್ಲ, ಸ್ವಲ್ಪ ಕೊಡ್ತೀಯಾ ಅಂದ. ಸ್ನಾನಕ್ಕೆ ಹೋಗಿದ್ದಾರೆ ಅಂದೆ. ಸರಿ, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟ.